ಪರನುಡಿಯ ಉಚ್ಚಾರಧರ್ಮ

ಚಾಮರಾಜನಗರದಿಂದ ದಕ್ಷಿಣಾಭಿಮುಖವಾಗಿ ಹೊರಟ ಹೆದ್ದಾರಿಯು ಪುಣಜನೂರಿನ ಚೆಕ್‌ಪೋಸ್ಟನ್ನು ದಾಟಿ, ಹಾಸನೂರನ್ನು ಹಾದು, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲವನ್ನು ಸೇರುತ್ತದೆ. ಕನ್ನಡವೂ ತಮಿಳೂ ಸೋಲಿಗರ ನುಡಿಯೂ ಒಂದೇ ಬೆಂಚಿನ ಮೇಲೆ ಕುಳಿತು ಚಹ ಕುಡಿಯುವ ಇಂಥ ಎಡೆಯಲ್ಲಿ, ಪರರ ನುಡಿಯ ನಾಲ್ಕು ಮಾತನ್ನು ಕಲಿಯ ಹೊರಟವನು ಅವುಗಳ ಉಚ್ಚಾರಕ್ಕೆ ಎಷ್ಟರಮಟ್ಟಿಗೆ ಬದ್ಧನು ಎಂಬ ಪ್ರಶ್ನೆ ವ್ಯಾಕರಣಕ್ಕಿಂತ ಹೆಚ್ಚಾಗಿ ಧರ್ಮಕ್ಕೆ ಸೇರಿದ್ದೆಂದು ನನ್ನ ಎಣಿಕೆ.

ನಮ್ಮ ಪೂರ್ವಿಕರು ಉಚ್ಚಾರವನ್ನು ಲಘುವಾಗಿ ಎಣಿಸಿದವರಲ್ಲ. ಶಿಕ್ಷೆಯೆಂಬುದು ವೇದಾಂಗಗಳಲ್ಲೊಂದು; ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಹೋಮಿಸಿದ ತ್ವಷ್ಟೃವಿನ ಮಂತ್ರದಲ್ಲಿ ಒಂದು ಪದದ ಸ್ವರ ತಪ್ಪಲು, ಹುಟ್ಟಿದ ವೃತ್ರನೇ ಇಂದ್ರನಿಂದ ಹತನಾದನೆಂಬ ಕಥೆಯನ್ನು ಪತಂಜಲಿಯೂ ಸ್ಮರಿಸುತ್ತಾನೆ. ಆದರೆ ಇಲ್ಲಿಯ ಬಿಳಿಗಿರಿಯ ಮೇಲೆ, ಅರ್ಚಕರು ಸ್ವರಶುದ್ಧವಾಗಿ ಮಂತ್ರ ಹೇಳುವ ಅದೇ ರಂಗಸ್ವಾಮಿಯನ್ನು, ತಮ್ಮ ಕುಲದ ಕುಸುಮಾಲೆಯನ್ನು ವರಿಸಿದವನೆಂಬ ಸಲಿಗೆಯಿಂದ ಸೋಲಿಗರು ಭಾವನೆಂದು ಕರೆಯುತ್ತಾರೆ. ಆ ಕರೆ ಆತನಿಗೆ ಮುಟ್ಟದೆಂದು ಹೇಳುವ ಆಸ್ತಿಕನನ್ನು ನಾನು ಕಂಡಿಲ್ಲ. ಅಂತರ್ಯಾಮಿಗೆ ನಾಲಗೆಯ ತೊಡಕು ತಡೆಯಾಗದು. ಮನುಷ್ಯನ ಪಾಡು ಬೇರೆ: ಎದುರಿನವನ ಹೃದಯವು ಅವನಿಗೆ ಕಾಣದಿರುವುದರಿಂದ, ಕಿವಿಗೆ ಬಿದ್ದ ಸದ್ದಿನಿಂದಲೇ ಆದರವನ್ನೂ ಉದಾಸೀನವನ್ನೂ ಅವನು ಅಳೆಯಬೇಕು. ಆದಕಾರಣ ಉಚ್ಚಾರಶುದ್ಧಿಯ ಋಣವು ದೇವರಿಗಿಂತ ನೆರೆಯವನಿಗೇ ಹೆಚ್ಚಾಗಿ ಸಲ್ಲತಕ್ಕದ್ದು.

ಏಳನೆಯ ಶತಮಾನದ ಕುಮಾರಿಲಭಟ್ಟನು ತಂತ್ರವಾರ್ತಿಕದಲ್ಲಿ ಈ ಋಣವನ್ನು ಮರೆತವರನ್ನು ಸೊಗಸಾಗಿ ಹಾಸ್ಯಮಾಡಿದ್ದಾನೆ. ದ್ರಾವಿಡರ ವ್ಯಂಜನಾಂತ ಪದಗಳಿಗೆ ಕೆಲವರು ತಮ್ಮದೊಂದು ಸ್ವರವನ್ನಂಟಿಸುತ್ತಾರಂತೆ: ಅನ್ನವೆಂಬರ್ಥದ ‘ಚೋರ್’ ಚೋರನಾಗುತ್ತದೆ, ದಾರಿಯೆಂಬ ‘ಅತರ್’ ಅತರವಾಗಿ, ದಾರಿಯು ದಾಟಲಸಾಧ್ಯವೇ ಹೌದಷ್ಟೆ ಎಂಬ ಸಮರ್ಥನೆ ಸಿದ್ಧವಾಗುತ್ತದೆ, ಹೊಟ್ಟೆಯೆಂಬ ‘ವೈರ್’ ವೈರಿಯಾಗಿ, ಹಸಿದವನಿಂದ ಅಕಾರ್ಯ ಮಾಡಿಸುವ ಹೊಟ್ಟೆ ಶತ್ರುವಲ್ಲದೆ ಮತ್ತೇನೆಂಬ ಪಾಂಡಿತ್ಯ ಹೊರಡುತ್ತದೆ. ಘಟ್ಟ ಹತ್ತಿ ಬಂದ ಲಾರಿಯವರು ಪುಣಜನೂರಿನ ಕಡೆಯ ಹೋಟೆಲುಗಳಲ್ಲಿ ಅನ್ನಕ್ಕೆ ಸೋರು ಎಂದೂ ಹೊಟ್ಟೆಗೆ ವಯಿರು ಎಂದೂ ಹೇಳುವಾಗ ಆ ಭಟ್ಟನ ಪಟ್ಟಿಯೇ ಬಾಯಿಬಿಟ್ಟಂತಾಗುತ್ತದೆ. ಪಕ್ಕದ ದ್ರಾವಿಡವನ್ನೇ ಹೀಗೆ ಕೆಡಿಸುವವರು ಪಾರಸೀಕ, ಯವನ, ರೋಮಕರ ಮಾತುಗಳನ್ನು ಏನು ಮಾಡಿಯಾರೆಂಬುದು ಅವನ ಆತಂಕ.

ಬಾಲ್ಟಿಕ್ ತೀರದ ಲಾಟ್ವಿಯನ್ ಭಾಷೆಯನ್ನು ಅವನು ಅರಿತಿರಲಾರ. ವೈದ್ಯವಿದ್ಯೆಗಾಗಿ ರಿಗಾ ನಗರಕ್ಕೆ ಹೋಗುವ ನಮ್ಮ ದೇಶದ ಹುಡುಗರಿಗೆ ಇಂದು ಅದರ ಪರಿಚಯ ಬೇಕಾಗುತ್ತದೆ. ಹ್ರಸ್ವದೀರ್ಘಗಳ ಭೇದ ಕನ್ನಡದ ಕಿವಿಗೆ ಸಹಜವಾದುದರಿಂದ, ‘ಕಝಸ್’ ಎಂದರೆ ಮೇಕೆಗಳು, ‘ಕಾಝಸ್’ ಎಂದರೆ ಮದುವೆ ಎಂಬಲ್ಲಿ ನಮ್ಮವರು ಎಡವಲಾರರು. ಪದದ ಮೊದಲಕ್ಷರಕ್ಕೆ ಒತ್ತು ಎಂಬುದು ಆ ಭಾಷೆಯ ಸಾಮಾನ್ಯ ನಿಯಮ. ಆದರೆ ಹಗಲಿನ ವಂದನೆಯಾದ ‘ಲಬ್‌ದಿಯೆನ್’, ಕೃತಜ್ಞತೆಯ ‘ಪಲ್‌ದಿಯೆಸ್’, ಹೀಗೆ ಹೊಸಬನು ಮೊತ್ತಮೊದಲು ಆಡಬೇಕಾದ ಮಾತುಗಳಲ್ಲಿಯೇ ಒತ್ತು ಎರಡನೆಯ ಅಕ್ಷರಕ್ಕೆ ಸರಿದುಬಿಡುತ್ತದೆ. ಸೂತ್ರವನ್ನಷ್ಟೇ ನಂಬಿದವನು ಹೊಸ್ತಿಲಲ್ಲೇ ಮುಗ್ಗರಿಸುವನು; ಆಡುವವರ ಬಾಯನ್ನು ನೋಡದೆ ಗತಿಯಿಲ್ಲ.

ಮೀಮಾಂಸಕರು ಇದನ್ನೂ ವಿಚಾರಿಸಿದ್ದಾರೆ. ಪಿಕ, ನೇಮ, ತಾಮರಸ ಮೊದಲಾದ, ಆರ್ಯರಲ್ಲಿ ಬಳಕೆಯಿಲ್ಲದ ಪದಗಳಿಗೆ ಧಾತುವನ್ನು ಹಿಡಿದು ಅರ್ಥ ಕಲ್ಪಿಸದೆ, ಮ್ಲೇಚ್ಛರು ಹೇಳುವ ಅರ್ಥವನ್ನೇ ಕೊಳ್ಳತಕ್ಕದ್ದೆಂದು ಶಬರಸ್ವಾಮಿಯ ನಿರ್ಣಯ. ಹಕ್ಕಿಗಳನ್ನು ಹಿಡಿಯುವುದರಲ್ಲಿಯೂ ಸಾಕುವುದರಲ್ಲಿಯೂ ಅವರೇ ಹೆಚ್ಚು ಬಲ್ಲವರೆಂಬುದು ಆತನು ಕೊಡುವ ಕಾರಣಗಳಲ್ಲೊಂದು. ಹೆಜ್ಜೇನು ತುಡುವೆಗಳ ಜಾಡು ಬಲ್ಲ ಸೋಲಿಗರ ವಿಷಯದಲ್ಲಿ ಈ ನ್ಯಾಯ ಎಷ್ಟು ಹೊಂದುತ್ತದೆ! ಅವರು ತಮ್ಮ ನೆಲೆಯನ್ನು ಪೋಡು ಎನ್ನುತ್ತಿರುವಾಗ, ಕೊಡಗಿನ ಕಡೆಯ ರೂಢಿಯಿಂದ ಹಾಡಿಯೆಂದು ಬರೆಯುವ ಹೊರಗಿನವರಿಗೆ ಯಾವ ಪ್ರಮಾಣವಿದೆ?

ಆದರೆ ಆರ್ಯಪ್ರಸಿದ್ಧಿ ಇರುವೆಡೆಯಲ್ಲಿ ಅದೇ ಬಲವತ್ತರವೆಂದು ಶಬರನು ತನ್ನ ಔದಾರ್ಯಕ್ಕೆ ಎಲ್ಲೆಯನ್ನೂ ಹಾಕಿದ್ದಾನೆ. ಅಲ್ಲಿ ನಾನು ಅವನೊಡನೆ ನಿಲ್ಲಲಾರೆ. ಸಂಪಿಗೆಗೆ ನಿಘಂಟುಗಳಲ್ಲಿ ಚಂಪಕವೆಂಬ ಹೆಸರು ಪ್ರಸಿದ್ಧವೇ ಆಗಿದ್ದರೂ, ಭಾರ್ಗವಿ ಹೊಳೆಯ ದಡದಲ್ಲಿ ಸೋಲಿಗರು ಪೂಜಿಸುವ ಮರ ದೊಡ್ಡಸಂಪಿಗೆ. ಅದರ ಬುಡದಲ್ಲಿ ನಿಂತು, ಪೂಜಿಸುವವರಿಗೇ ಇದು ಚಂಪಕವೃಕ್ಷವೆಂದು ಪಾಠ ಹೇಳುವ ಪ್ರವಾಸಿ ಪಂಡಿತರನ್ನು ಸಹಿಸುವ ತಾಳ್ಮೆ ನನಗಿಲ್ಲ.