ಬಾವಿಮಣ್ಣು ಮತ್ತು ಮೃತ್ಪಿಂಡದ ಪ್ರಶ್ನೆ

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಕೊಡುವ ಮೃತ್ಪಿಂಡದ, ಎಂದರೆ ಮಣ್ಣಿನ ಮುದ್ದೆಯ, ದೃಷ್ಟಾಂತವು ವೇದಾಂತಿಗಳ ನಡುವೆ ದೀರ್ಘ ವಾದಕ್ಕೆ ಕಾರಣವಾಗಿದ್ದು, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಬಾವಿ ತೋಡಿದಾಗ ಅಂಗಳದಂಚಿಗೆ ಬೀಳುವ ಬೇಡದ ಮಣ್ಣು ತರಕಾರಿ ಸಾಲಾಗುವ ಬಗೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಆ ವಾದದ ಹುರುಳು ತಿಳಿಯುತ್ತದೆ. ಸಂಪ್ರದಾಯವು ಕೊಲ್ಲೂರಿನ ಮೂಕಾಂಬಿಕೆಯೊಂದಿಗೆ ಜೋಡಿಸುವ ಅದ್ವೈತಿ ಶಂಕರರ ಪ್ರಕಾರ ಮಡಕೆ, ಕುಡಿಕೆ ಮೊದಲಾದ ವಿಕಾರಗಳು, ಅಂದರೆ ಮಾರ್ಪಟ್ಟ ರೂಪಗಳು, ಹೆಸರಿನಲ್ಲಷ್ಟೇ ಬೇರೆ, ಮಣ್ಣೊಂದೇ ಸತ್ಯ. ಹಾಗಾದರೆ ರಾಶಿಯೂ ಹೆಸರು, ಸಾಲೂ ಹೆಸರು. 13ನೆಯ ಶತಮಾನದ ಮಧ್ವಾಚಾರ್ಯರು ಇದನ್ನೊಪ್ಪದೆ, ಲೋಕದ ಮಡಕೆಗಳೆಲ್ಲ ಒಂದೇ ಮುದ್ದೆಯಿಂದ ಆದವಲ್ಲವಾದ್ದರಿಂದ ಆ ಅರ್ಥದಲ್ಲಿ ಶ್ರುತಿಯ ‘ಒಂದು’, ‘ಮುದ್ದೆ’ ಎಂಬ ಮಾತುಗಳೇ ವ್ಯರ್ಥವಾಗುತ್ತವೆಂದು ಆಕ್ಷೇಪಿಸಿದರು. ಅವರು ಹೇಳಿದ ಪಂಚಭೇದಗಳಲ್ಲಿ ಜಡ-ಜಡ ಭೇದವೂ ಒಂದು: ಒಂದು ಅಚೇತನ ವಸ್ತುವಿಗೂ ಇನ್ನೊಂದಕ್ಕೂ ಇರುವ ಅಂತರ ನಿಜವಾದದ್ದು.

ಬಾವಿಮಣ್ಣಿನ ರಾಶಿಯಲ್ಲಿ ಈ ಭೇದ ಕಣ್ಣಿಗೇ ಕಾಣುತ್ತದೆ. ಬೇಸಿಗೆಯ ಕೊನೆಗೆ ತೋಡುವ ಬಾವಿಯಲ್ಲಿ ಮೊದಲು ಮೇಲ್ಮಣ್ಣು, ಅನಂತರ ಮುರಕಲ್ಲು, ಅದರಡಿಯಲ್ಲಿ ಬಿಳಿಚಿದ ಶೇಡಿಮಣ್ಣು ಸಿಗುತ್ತದೆ. ಹೊರಗೆ ಸುರಿಯುವಾಗ ಈ ಕ್ರಮ ತಲೆಕೆಳಗಾಗಿ, ಬೆಳೆಗೆ ಒದಗುವ ಮಣ್ಣು ಅಡಿಗೆ ಸೇರಿ, ಮಳೆಹನಿ ಬಿದ್ದೊಡನೆ ಜಾರುವ ಶೇಡಿ ನೆತ್ತಿಗೇರುತ್ತದೆ. ಇದನ್ನು ‘ಸಾಲು’ ಎಂದು ಕರೆದ ಮಾತ್ರಕ್ಕೆ ಹರಿವೆಯ ಒಂದು ಬೀಜವೂ ಮೇಲೇಳದು. ಶೇಡಿಯನ್ನು ಕೆರೆದು ಬದಿಗೆ ಸರಿಸಿ, ಒಣ ತರಗೆಲೆ, ಕಸಕಡ್ಡಿಗಳ ಮೇಲೆ ಮಣ್ಣು ಹೊದಿಸಿ, ಉರಿ ಏಳದಂತೆ ಒಳಗೊಳಗೇ ಬೇಯಿಸಿದ ಸುಡುಮಣ್ಣನ್ನೂ ಹಟ್ಟಿಗೊಬ್ಬರವನ್ನೂ ಬೆರೆಸಿದ ಮೇಲಷ್ಟೇ ಅದು ಬೆಂಡೆ, ಅಲಸಂಡೆಗಳಿಗೆ ಒಗ್ಗುತ್ತದೆ. ಬೆಂದ ಮಣ್ಣು ಬೆರಳ ತುದಿಯಲ್ಲೇ ಹುಡಿಯಾಗುತ್ತದೆ, ಬೂದಿಯು ಈ ಮುರಕಲ್ಲು ನೆಲದ ಆಮ್ಲಗುಣವನ್ನು ತಗ್ಗಿಸುತ್ತದೆ. ಆದರೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವಲ್ಲಿ ಬೇರು ಕೊಳೆಯದಿರಲು ಏರಿಸಿದ ಸಾಲೇ ಬೇಕಾಗುವುದರಿಂದ, ಓಡಾಟಕ್ಕೆ ಅಡ್ಡವೆನಿಸಿದ್ದ ಎತ್ತರವೇ ಮಳೆಗಾಲದಲ್ಲಿ ಗುಣವಾಗುತ್ತದೆ. ಇಷ್ಟರ ಮಟ್ಟಿಗೆ ಅದ್ವೈತಿಯ ಮಾತಿಗೂ ಎಡೆಯುಂಟು. ಶೇಡಿಯ ವಿಷಯದಲ್ಲಿ ಮಾತ್ರ ಮಧ್ವರ ಪಕ್ಷವೇ ಬಲವಾದದ್ದು.

ಮಾಧ್ವರ ಐತಿಹ್ಯವೊಂದು, ಎಂದರೆ ಬಾಯಿಂದ ಬಾಯಿಗೆ ಬಂದ ಕಥನವೊಂದು, ಇಲ್ಲಿ ಪ್ರಸ್ತುತ. ಮಲ್ಪೆಯ ಕಡಲಲ್ಲಿ ಗಾಳಿಗೆ ಸಿಕ್ಕ ಹಡಗನ್ನು ದಡ ಸೇರಿಸಿದ ಆಚಾರ್ಯರು ವರ್ತಕನು ಕೊಡಬಂದ ಸಂಪತ್ತನ್ನು ಬಿಟ್ಟು, ಹಡಗಿನ ತೂಕಕ್ಕೆಂದು ಇರಿಸಿದ್ದ ಗೋಪೀಚಂದನವೆಂಬ ಮಣ್ಣಿನ ಗಡ್ಡೆಯನ್ನು ಕೇಳಿ ಪಡೆದರೆಂದೂ, ಅದರೊಳಗಿಂದ ಉಡುಪಿಯ ಕೃಷ್ಣನ ವಿಗ್ರಹ ಹೊರಬಂದಿತೆಂದೂ ಅದು ಹೇಳುತ್ತದೆ. ಕಥೆಯಲ್ಲಿ ಮಣ್ಣು ವಿಗ್ರಹವಾಗಿ ಮಾರ್ಪಡುವುದಿಲ್ಲ. ಮಣ್ಣು ಬೇರೆ, ವಿಗ್ರಹ ಬೇರೆ. ಹಾಗೆಂದು ಮಣ್ಣು ಕಸವೂ ಆಗಲಿಲ್ಲ, ಗೋಪೀಚಂದನವನ್ನು ತೇಯ್ದು ನಾಮ, ಮುದ್ರೆಗಳನ್ನು ಹಚ್ಚಿಕೊಳ್ಳುವ ಪದ್ಧತಿ ಇಂದಿಗೂ ಇದೆ. ಸಾಲಿನಿಂದ ಬದಿಗೆ ಸರಿಸಿದ ಶೇಡಿಯೂ ಅಷ್ಟೆ: ಸೋಣೆ ತಿಂಗಳಲ್ಲಿ ಕುಂದಾಪುರದ ಕಡೆಯ ಮನೆಗಳಲ್ಲಿ ಹೊಸ್ತಿಲ ಪೂಜೆಗೆ ಗೆರೆ ಬರೆಯಲು ಅದೇ ಬಿಳಿಮಣ್ಣನ್ನು ನೀರಲ್ಲಿ ಕದಡಿಕೊಳ್ಳುತ್ತಾರೆ.