ಮಕ್ಕಳ ಆಟ ಯಾರ ಲೆಕ್ಕಕ್ಕೆ?

2016ರ ಚಳಿಗಾಲದಲ್ಲಿ ನಾನು ಆಸ್ಟ್ರಿಯ ದೇಶದ ಟಿರೋಲ್ ಪ್ರಾಂತ್ಯದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಒಂದು ಶನಿವಾರ ಸಂಜೆ ಬಲಿಪೂಜೆ ಮುಗಿದ ಮೇಲೆ ಒಬ್ಬ ತಂದೆ ಸಂಕೋಚದಿಂದ ನನ್ನ ಬಳಿ ಬಂದರು. ಮರುದಿನ ಬೆಳಿಗ್ಗೆ ಅವರ ಹತ್ತು ವರ್ಷದ ಮಗಳಿಗೆ ಸ್ಕೀ ರೇಸ್ ಇತ್ತು. “ಶನಿವಾರವೇ ಪೂಜೆಗೆ ಬಂದು ಭಾನುವಾರ ರೇಸಿಗೆ ಹೋಗುವುದು ತಪ್ಪೇ ಫಾದರ್?” ಎಂದು ಕೇಳಿದರು. ಹಿಂದಿನ ದಿನದ ಸಂಜೆಯ ಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಪೂರೈಸಿದಂತೆಯೇ ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ನಾನೂ ಹಾಗೆಯೇ ಹೇಳಿದೆ. ಅವರಿಗೆ ಸಮಾಧಾನವಾಯಿತು. “ನೀವೂ ಬನ್ನಿ, ನೋಡಿದ ಹಾಗಾಗುತ್ತದೆ” ಎಂದರು. ಹಿರಿಯ ಗುರುಗಳು ಮರುದಿನದ ಪೂಜೆಯನ್ನು ತಾವೇ ವಹಿಸಿಕೊಂಡು ನನ್ನನ್ನು ಕಳುಹಿಸಿಕೊಟ್ಟರು.

ಹಿಮವನ್ನು ಚಿತ್ರದಲ್ಲಷ್ಟೇ ಕಂಡ ನಮ್ಮ ಓದುಗರಿಗೆ ಸ್ವಲ್ಪ ವಿವರಿಸಬೇಕು. ಗಟ್ಟಿ ಬೂಟು ಹಾಕಿ, ಅದಕ್ಕೆ ಎರಡು ಉದ್ದನೆಯ ಪಟ್ಟಿಗಳನ್ನು ಸಿಕ್ಕಿಸಿಕೊಂಡು, ಹಿಮ ಮುಚ್ಚಿದ ಇಳಿಜಾರಿನಲ್ಲಿ ಜಾರುತ್ತಾ ಇಳಿಯುವುದೇ ಸ್ಕೀ. ರೇಸಿನಲ್ಲಿ ದಾರಿಯುದ್ದಕ್ಕೂ ಒಂದು ಕೆಂಪು, ಒಂದು ನೀಲಿ ಎಂಬಂತೆ ಕಂಬಗಳನ್ನು ನೆಟ್ಟಿರುತ್ತಾರೆ. ಒಂದನ್ನೂ ತಪ್ಪಿಸದೆ ತಿರುಗುತ್ತಾ ಇಳಿಯಬೇಕು. ತಪ್ಪಿಸಿದರೆ ಸ್ಪರ್ಧೆಯಿಂದ ಹೊರಗೆ. ಸಮಯವನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಅದೇ ಪ್ರಾಂತ್ಯದ ಕಿಟ್ಸ್‌ಬ್ಯೂಹೆಲ್ ಊರಿನಲ್ಲಿ 1931ರಲ್ಲಿ ಆರಂಭವಾದ ದೊಡ್ಡ ರೇಸನ್ನು ಅಲ್ಲಿನ ಮಕ್ಕಳು ಟಿ.ವಿ.ಯಲ್ಲಿ ನೋಡುತ್ತಲೇ ಬೆಳೆಯುತ್ತಾರೆ. ನಮ್ಮ ಮಕ್ಕಳಿಗೆ ಕ್ರಿಕೆಟ್ ಹೇಗೋ ಅವರಿಗೆ ಇದು ಹಾಗೆ.

ಬೆಳಿಗ್ಗೆ ಐದಕ್ಕೇ ಹೊರಟೆವು. ಆ ತಂದೆ ಮರದ ಮಿಲ್ಲಿನಲ್ಲಿ ಕೆಲಸ ಮಾಡುವವರು. ರಾತ್ರಿಯೆಲ್ಲ ಮಗಳ ಸ್ಕೀ ಪಟ್ಟಿಗಳಿಗೆ ಮೇಣ ತಿಕ್ಕಿ, ಅಂಚು ಮಸೆದು ಸಿದ್ಧಮಾಡಿದ್ದರು. ಚಿಕ್ಕಂದಿನಲ್ಲಿ ಅವರಿಗೂ ರೇಸಿನ ಆಸೆಯಿತ್ತಂತೆ, ಮನೆಯಲ್ಲಿ ಹಣವಿರಲಿಲ್ಲ. “ನನಗೆ ಸಿಗದ್ದು ಇವಳಿಗೆ ಸಿಗಲಿ” ಎಂದರು. ಆ ಮಾತಿನಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ನನ್ನ ತಂದೆಯೂ ಅದನ್ನೇ ಹೇಳಿ ನನ್ನನ್ನು ಓದಿಸಿದರು.

ಹುಡುಗಿ ಚೆನ್ನಾಗಿಯೇ ಇಳಿದಳು. ಆದರೆ ಕೊನೆಯ ತಿರುವಿನಲ್ಲಿ ಸ್ವಲ್ಪ ಜಾರಿ ನಾಲ್ಕನೆಯವಳಾದಳು. ಮೂರನೆಯವಳಿಗೂ ಇವಳಿಗೂ ಇದ್ದ ಅಂತರ ಕೈಗಡಿಯಾರದಲ್ಲಿ ಕಾಣುವಷ್ಟೂ ಇರಲಿಲ್ಲ. ತಂದೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. ಫಲಿತಾಂಶದ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ತಾಯಿ ಅದರ ಫೋಟೋ ತೆಗೆದುಕೊಂಡರು. ಅಷ್ಟರಲ್ಲಿ ಹುಡುಗಿ ಸ್ಕೀ ಕಳಚಿಟ್ಟು, ತನ್ನ ತಮ್ಮನ ಜೊತೆ ಪಕ್ಕದ ದಿಬ್ಬ ಹತ್ತಿ, ತಟ್ಟೆಯಂಥ ಒಂದು ಪ್ಲಾಸ್ಟಿಕ್ ಬಂಡಿಯ ಮೇಲೆ ಕುಳಿತು ಜಾರತೊಡಗಿದಳು. ಇಬ್ಬರೂ ಉರುಳಿದರು, ಮತ್ತೆ ಹತ್ತಿದರು, ಮತ್ತೆ ಉರುಳಿದರು. ಆ ದಿನ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಗುರುಮಠದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ನಮಗೆ ನಗು ತರಿಸಿದ ಒಂದು ಭಾಗವಿತ್ತು. ಅತಿಯಾಗಿ ಆಡುವುದು ತಪ್ಪಾಗಬಹುದು, ಆಟವೇ ಬೇಡವೆನ್ನುವುದೂ ತಪ್ಪಾಗಬಹುದು ಎನ್ನುತ್ತಾರೆ ಅವರು. ಸದಾ ಬಗ್ಗಿಸಿಟ್ಟ ಬಿಲ್ಲು ಮುರಿಯುತ್ತದೆ ಎಂಬ ಹಳೆಯ ಕಥೆಯನ್ನೂ ಅಲ್ಲಿ ತರುತ್ತಾರೆ. ಇನ್ನೊಂದು ಕಡೆ ಜ್ಞಾನದ ಧ್ಯಾನವನ್ನು ಆಟಕ್ಕೆ ಹೋಲಿಸುತ್ತಾರೆ. ಎರಡೂ ಆನಂದ ಕೊಡುತ್ತವೆ, ಎರಡನ್ನೂ ಮತ್ತೇನೋ ಪಡೆಯುವುದಕ್ಕಾಗಿ ಮಾಡುವುದಿಲ್ಲ ಎಂಬುದು ಅವರ ಕಾರಣ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ದಿಬ್ಬದ ಬಳಿ ಕಾಲು ಹೆಪ್ಪುಗಟ್ಟಿ ನಿಂತಾಗ.

ಹಾಗೆಂದು ಸ್ಪರ್ಧೆಯೇ ಕೆಟ್ಟದ್ದೆಂದು ನಾನು ಹೇಳಲಾರೆ. ಜಗದ್ಗುರು ಎರಡನೇ ಜಾನ್ ಪಾಲರು ಸ್ವತಃ ಸ್ಕೀ ಆಡುತ್ತಿದ್ದವರು. 1984ರ ಜುಲೈನಲ್ಲಿ, ಜಗದ್ಗುರುಗಳಾದ ಮೇಲೂ, ಇಟಲಿಯ ಅಡಮೆಲ್ಲೊ ಹಿಮಪರ್ವತದಲ್ಲಿ ಸ್ಕೀ ಮಾಡಿದರು. ಅದೇ ಜಗದ್ಗುರುಗಳು 1998ರಲ್ಲಿ ಪ್ರಭುವಿನ ದಿನವನ್ನು ಕುರಿತು ಬರೆದ ಪ್ರೇಷಿತ ಪತ್ರದಲ್ಲಿ, ವಾರದ ಕೊನೆಯ ಬಿಡುವೇ ಬೇರೆ, ಪ್ರಭುವಿನ ದಿನವೇ ಬೇರೆ, ಎರಡನ್ನೂ ಒಂದೆಂದು ತಿಳಿಯಬೇಡಿ ಎಂದು ಎಚ್ಚರಿಸಿದರು. ಶನಿವಾರ ಸಂಜೆ ಆ ತಂದೆಗೆ ಕಾನೂನನ್ನು ಸರಿಯಾಗಿಯೇ ಹೇಳಿದ್ದೆ. ಆದರೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ: ಆ ಎರಡು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ವಿಶ್ರಾಂತಿ ಸಿಗುತ್ತದೆಯೇ?

ನಾರ್ವೆ ದೇಶದವರು ಈ ವಿಷಯದಲ್ಲಿ ಒಂದು ಗಟ್ಟಿ ತೀರ್ಮಾನ ಮಾಡಿದ್ದಾರೆ. ಅಲ್ಲಿನ ಕ್ರೀಡಾ ಒಕ್ಕೂಟ 1987ರಲ್ಲೇ ಮಕ್ಕಳ ಕ್ರೀಡೆಗೆ ನಿಯಮಗಳನ್ನು ಮಾಡಿತು, 2007ರಲ್ಲಿ ಮಕ್ಕಳ ಹಕ್ಕುಗಳನ್ನೂ ಒಪ್ಪಿಕೊಂಡಿತು. ಅದರಂತೆ ಮಗುವಿಗೆ ಹನ್ನೊಂದು ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿ, ಶ್ರೇಯಾಂಕ ಯಾವುದೂ ಇಲ್ಲ. ಇಷ್ಟಾದರೂ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆ ಪುಟ್ಟ ದೇಶ 39 ಪದಕ ಗೆದ್ದಿತು. ಇದನ್ನು ಹೇಳಿದರೆ ತಂದೆತಾಯಿಗಳು ಕೂಡಲೇ ತಲೆದೂಗುತ್ತಾರೆ, ಅದೇ ನನಗೆ ಭಯ. ಪದಕ ಬರುತ್ತದೆಂದು ಮಗುವನ್ನು ಆಡಲು ಬಿಟ್ಟರೆ ನಾವು ಮತ್ತೆ ಅದೇ ಹಾಳೆಯ ಮುಂದೆ ನಿಂತಂತಾಯಿತು. ನಾರ್ವೆಗೆ ಒಂದೂ ಪದಕ ಬಾರದೆ ಹೋಗಿದ್ದರೂ ಆ ನಿಯಮ ಒಳ್ಳೆಯದೇ.

ಪ್ರವಾದಿ ಜೆಕರ್ಯ ಉದ್ಧಾರಗೊಂಡ ಜೆರುಸಲೇಮನ್ನು ಚಿತ್ರಿಸುವಾಗ ಬೀದಿ ತುಂಬ ಆಡುವ ಹುಡುಗ ಹುಡುಗಿಯರನ್ನು ತೋರಿಸುತ್ತಾನೆ. ಊರುಗೋಲು ಹಿಡಿದ ಹಿರಿಯರು ಸುಮ್ಮನೆ ಕುಳಿತಿದ್ದಾರೆ. ಯಾರು ಮುಂದೆ ಬಂದರೆಂದು ಅಲ್ಲಿ ಯಾರೂ ಬರೆದಿಡುತ್ತಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಮಾತಿರಲಿಲ್ಲ. ತಮ್ಮ ನಿದ್ದೆಹೋಗಿದ್ದ. ಕತ್ತಲಾಗುತ್ತಿತ್ತು. ಇದ್ದಕ್ಕಿದ್ದಂತೆ ಹುಡುಗಿ ಕೇಳಿದಳು, “ಅಪ್ಪಾ, ನಾನು ರೇಸ್ ಮಾಡದಿದ್ದರೂ ನಾವೆಲ್ಲ ಒಟ್ಟಿಗೆ ಹಿಮಕ್ಕೆ ಬರ್ತೀವಾ?”

ಅವಳ ದನಿಯಲ್ಲಿ ದೂರಿರಲಿಲ್ಲ, ತಿಳಿದುಕೊಳ್ಳುವ ಕುತೂಹಲವಷ್ಟೇ ಇತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು. ತಂದೆ ಪ್ರೀತಿಯಿಂದ ಕೊಟ್ಟದ್ದನ್ನು ಆ ಮಗು ಯಾವಾಗಲೋ ಸಾಲವೆಂದು ಬರೆದುಕೊಂಡಿತ್ತು. ತಾಯಿಯೊಡನೆ ಕಳೆಯುವ ಭಾನುವಾರ, ದಾರಿಯಲ್ಲಿ ಕುಡಿಯುವ ಬಿಸಿ ಚಾಕೊಲೇಟು, ತಮ್ಮನ ಜೊತೆ ಉರುಳುವ ಆ ಅರ್ಧ ಗಂಟೆ ಎಲ್ಲವೂ ತಾನು ವೇಗವಾಗಿ ಇಳಿದರೆ ಸಿಗುವ ಕೂಲಿ ಎಂದುಕೊಂಡಿತ್ತು. ಹಾಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಿಲ್ಲವೆಂಬುದೇ ತಂದೆತಾಯಿಗಳ ಸಮರ್ಥನೆಯಾಗಬಲ್ಲದೇ? ನನಗೆ ಹಾಗೆ ತೋರುವುದಿಲ್ಲ. ಮಕ್ಕಳು ನಮ್ಮ ಮಾತಿಗಿಂತ ಮೊದಲು ನಮ್ಮ ಮುಖ ಓದುತ್ತಾರೆ. ಫಲಿತಾಂಶದ ಹಾಳೆಯ ಮುಂದೆ ನಿಂತ ಬೆನ್ನನ್ನೂ ಓದುತ್ತಾರೆ.

ತಂದೆ ಕೂಡಲೇ ಉತ್ತರಿಸಲಿಲ್ಲ. ಎರಡು ಮೂರು ತಿರುವು ದಾಟಿದೆವು.

“ಮುಂದಿನ ಶನಿವಾರ ರೇಸ್ ಇಲ್ಲ” ಎಂದರು ಆಮೇಲೆ. “ಬರೋಣ.”

“ಪ್ರಾಕ್ಟೀಸಿಗಾ?”

“ಇಲ್ಲ, ಸುಮ್ಮನೆ.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಹಾಗಾದರೆ ಆ ಪ್ಲಾಸ್ಟಿಕ್ ಬಂಡಿಯ ಮೇಲೆ ನೀನೂ ಕೂತ್ಕೋಬೇಕು” ಎಂದಳು.