ಫೋನು ಓದಿದರೆ ಪಾರಾಯಣವೇ?

ಈ ಪ್ರಶ್ನೆ ಕೇಳಿದವರು ನಮ್ಮ ಭಾವ, ಯಜಮಾನರ ಅಣ್ಣ. ಎಂಬತ್ತು ದಾಟಿದ್ದರೂ ಸಂಧ್ಯಾವಂದನೆ ಬಿಟ್ಟವರಲ್ಲ. "ಅಲ್ಲಮ್ಮಾ, ಓದೋದು ಆ ಫೋನು. ನೀನು ಸುಮ್ಮನೆ ಕೂತಿರ್ತೀಯ. ಪಾರಾಯಣ ಮಾಡಿದ್ದು ಯಾರು ಅಂತ ಲೆಕ್ಕ? ಅದಕ್ಕೇನು ಸ್ನಾನ ಉಂಟೋ, ಸಂಕಲ್ಪ ಉಂಟೋ?" ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾದ ಅನುಮಾನವಿತ್ತು. ಅದಕ್ಕೆ ಬಾಯಿಗೆ ಬಂದ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಾಗಲಿಲ್ಲ.

ನನಗಿರುವುದು ಗ್ಲಾಕೋಮಾ. ನೋಟ ಅಂಚಿನಿಂದ ಒಳಮುಖವಾಗಿ ಕುಗ್ಗುತ್ತ ಬರುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ರಾತ್ರಿ ಬಿಟ್ಟುಕೊಳ್ಳುವ ಹನಿ ಇರುವುದು ಉಳಿದದ್ದನ್ನು ಕಾಯುವುದಕ್ಕೆ. ಭಾವನವರದು ಇದರ ತಿರುವುಮುರುವು. ವಯಸ್ಸಿನಿಂದಾಗಿ ಅಕ್ಷಿಪಟಲದ ನಡುಭಾಗ ಸವೆದು, ಎದುರಿಗೆ ಕೂತವರ ಮುಖ ಅಳಿಸಿಹೋಗುತ್ತದೆ, ಪಕ್ಕದ ಬಾಗಿಲು ಮಾತ್ರ ಚೆನ್ನಾಗಿ ಕಾಣುತ್ತದೆ. ಮೊಮ್ಮಗ ಅವರ ಟ್ಯಾಬ್ಲೆಟ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಅಕ್ಷರದ ಗಾತ್ರವನ್ನು ಪೂರ್ತಿ ಬಲಕ್ಕೆ ಎಳೆದು, ಅಕ್ಷರವನ್ನು ದಪ್ಪ ಮಾಡಿಕೊಟ್ಟ. ಅವರಿಗೆ ಪೇಪರು ಓದಲು ಅಷ್ಟು ಸಾಕಾಯಿತು. ಅದನ್ನೇ ನನ್ನ ಫೋನಿಗೂ ಮಾಡಿದಾಗ ನನಗೆ ಕಷ್ಟವೇ ಹೆಚ್ಚಿತು. ಉಳಿದಿರುವ ಕಿಂಡಿಯಷ್ಟು ನೋಟದಲ್ಲಿ 'ಧೃತರಾಷ್ಟ್ರ' ಎಂಬ ಪದದ ಒಂದೇ ಒಂದು ಒತ್ತಕ್ಷರ ತುಂಬಿ ನಿಂತರೆ, ಮುಂದಿನ ಅಕ್ಷರ ಬರುವಷ್ಟರಲ್ಲಿ ಹಿಂದಿನದು ಕೈಬಿಟ್ಟುಹೋಗುತ್ತದೆ. ನನಗೆ ಒಗ್ಗಿದ್ದು ಮಧ್ಯಮ ಗಾತ್ರ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಕಣ್ಣಿನ ಡಾಕ್ಟರುಗಳು ಕಾಯಿಲೆಯ ಬಗ್ಗೆ ಹೇಳುವಾಗ ಇಂಥದ್ದನ್ನೂ ಎರಡು ಮಾತಿನಲ್ಲಿ ಹೇಳಿ ಕಳಿಸಬೇಕು. ಎಷ್ಟೋ ಹಿರಿಯರು ತಮಗೆ ಹೊಂದದ ಸೆಟ್ಟಿಂಗ್ ಒಂದನ್ನು ನೋಡಿ, ಫೋನು ತಮ್ಮಂಥವರಿಗಲ್ಲ ಎಂದು ಪಕ್ಕಕ್ಕಿಟ್ಟುಬಿಡುತ್ತಾರೆ.

ಬಿಳಿ ಅಕ್ಷರವಾದರೂ ಸ್ವಲ್ಪ ಹೊತ್ತಿಗೆ ಕಣ್ಣು ಸೋಲುತ್ತದೆ. ಆಗ ಟಾಕ್‌ಬ್ಯಾಕ್, ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನಿನ ಸೌಲಭ್ಯ. ವಾಲ್ಯೂಮಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಅದು ಶುರುವಾಗುವಂತೆ ಮಾಡಿಟ್ಟುಕೊಂಡಿದ್ದೇನೆ. ಬೆರಳು ಮುಟ್ಟಿದ್ದನ್ನು ಅದು ಹೇಳುತ್ತದೆ, ಆದರೆ ತೆರೆಯುವುದಿಲ್ಲ. ತೆರೆಯಬೇಕಾದರೆ ಪರದೆಯ ಮೇಲೆ ಎಲ್ಲಾದರೂ ಸರಿ, ಎರಡು ಸಲ ತಟ್ಟಬೇಕು. ಸರಿಸಲು ಒಂದು ಬೆರಳು ಸಾಲದು, ಎರಡು ಬೇಕು. ಮುಟ್ಟಿದೊಡನೆ ತೆರೆದುಕೊಳ್ಳುತ್ತಿದ್ದ ವಸ್ತು ಈಗ ಮೊದಲು ತನ್ನ ಹೆಸರು ಹೇಳಿ, ಅಪ್ಪಣೆಗೆ ಕಾಯುತ್ತದೆ. ಪರದೆಯನ್ನು ಪೂರ್ತಿ ಕಪ್ಪಾಗಿಸುವ ಆಯ್ಕೆಯೂ ಇದೆ. ಮೇಲೆ ಏನೂ ಕಾಣದಿದ್ದರೂ ಒಳಗೆ ಎಲ್ಲವೂ ನಡೆಯುತ್ತಿರುತ್ತದೆ. ದೀಪ ಹಚ್ಚಿದ ಮೇಲೆ ನಾನು ಕುಮಾರವ್ಯಾಸನನ್ನು ಕೇಳುವುದು ಹೀಗೆಯೇ, ಪರದೆ ಕಪ್ಪಾಗಿಸಿಕೊಂಡು.

ಭಾವನವರು "ಸುಮ್ಮನೆ ಕೂತಿರ್ತೀಯ" ಅಂದರಲ್ಲ, ಆ ಮಾತಿಗೆ ಬರುತ್ತೇನೆ. ಕುಮಾರವ್ಯಾಸ ತನ್ನ ಭಾರತವನ್ನು ಬರೆದ ಭಾಮಿನಿ ಷಟ್ಪದಿಯದು ಮೂರು-ನಾಲ್ಕು ಮಾತ್ರೆಗಳ ನಡೆ. ಪ್ರಾಸ ಕೂಡಿಸಲು ಕವಿ ಎಷ್ಟೋ ಕಡೆ ಒಂದು ಪದವನ್ನು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ದಾಟಿಸುತ್ತಾನೆ. ಗಮಕಿಗೆ ಅದು ಗೊತ್ತು. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಕೂಡಿಸಿ ಹಾಡಬೇಕು ಎಂಬುದು ಅವನ ಕಸುಬು. ಫೋನಿಗೆ ಗೊತ್ತಿಲ್ಲ. ಸಾಲು ಮುಗಿದಲ್ಲಿ ನಿಲ್ಲುತ್ತದೆ, ಪದದ ನಡುವೆ ಆದರೂ ನಿಲ್ಲುತ್ತದೆ. ಅರ್ಧ ಪದ ಗಾಳಿಯಲ್ಲಿ ನಿಂತಿರುವಾಗ ಉಳಿದರ್ಧ ಬರುವವರೆಗೆ ಅದನ್ನು ಹಿಡಿದುಕೊಂಡಿದ್ದು, ಸೇರಿಸಿ, ನಡೆಗೆ ಕೂರಿಸಿ, ಅನ್ವಯ ಮಾಡಿಕೊಳ್ಳುವವಳು ನಾನು. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಇದೇ ಪದ್ಯಗಳನ್ನು ಪಾಠ ಮಾಡಿದ್ದೇನೆ. ಕಣ್ಣು ಚೆನ್ನಾಗಿದ್ದಾಗ ಪುಟದ ಮೇಲೆ ಓಡುತ್ತಿದ್ದೆ, ಬಾಯಿ ಹೇಳುತ್ತಿರುವಾಗ ಮನಸ್ಸು ಅಡುಗೆಮನೆಯ ಕುಕ್ಕರಿನ ಕಡೆ ಇದ್ದದ್ದೂ ಉಂಟು. ಈಗ ಮನಸ್ಸು ಒಂದು ಕ್ಷಣ ಆಚೆ ಹೋದರೆ ಪದ್ಯವೇ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಉತ್ತರ ಮಹಾಭಾರತದ ಒಳಗೇ ಇದೆ. ಯುದ್ಧಕ್ಕೆ ಮೊದಲು ವ್ಯಾಸರು ಧೃತರಾಷ್ಟ್ರನಿಗೆ ಕಣ್ಣು ಕೊಡುತ್ತೇನೆ ಎನ್ನುತ್ತಾರೆ. ತನ್ನವರ ಸಾವನ್ನು ನೋಡಲಾರೆ, ಕೇಳುತ್ತೇನೆ ಎನ್ನುತ್ತಾನೆ ಅವನು. ಹಾಗಾಗಿ ದಿವ್ಯದೃಷ್ಟಿ ಸಂಜಯನಿಗೆ ಸಿಕ್ಕಿತು. ಭಗವದ್ಗೀತೆ ತೆರೆದುಕೊಳ್ಳುವುದೇ ಕಣ್ಣಿಲ್ಲದವನೊಬ್ಬನ ಪ್ರಶ್ನೆಯಿಂದ, ನಮಗೆ ಅದು ತಲುಪಿದ್ದು ಅವನಿಗೆ ಇನ್ನೊಬ್ಬ ಹೇಳಿದ ಮಾತಾಗಿ. ಕೇಳಿಸಿಕೊಂಡದ್ದು ಓದಿದ್ದಕ್ಕಿಂತ ಕಡಿಮೆ ಎನ್ನುವವರು ಈ ಚೌಕಟ್ಟನ್ನು ಏನು ಮಾಡುತ್ತಾರೆ? ಕೇಳಿದ ಮಾತ್ರಕ್ಕೆ ಕೆಲಸವಾಯಿತು ಎನ್ನುವ ಹಾಗೂ ಇಲ್ಲ. ಹದಿನೆಂಟು ಅಧ್ಯಾಯದಲ್ಲಿ ಧೃತರಾಷ್ಟ್ರ ಆಡಿದ್ದು ಮೊದಲ ಶ್ಲೋಕವೊಂದೇ. ಎಲ್ಲವನ್ನೂ ಕೇಳಿಯೂ ಪುತ್ರಮೋಹ ಅವನನ್ನು ಬಿಡಲಿಲ್ಲ. ಅವನಿಗೆ ಅಡ್ಡ ಬಂದದ್ದು ಕಣ್ಣಿಲ್ಲದಿದ್ದದ್ದಲ್ಲ, ಓದಿ ಹೇಳುವವನ ಕೊರತೆಯೂ ಅಲ್ಲ.

ಒಂದು ಮಾತನ್ನು ಮಾತ್ರ ಭಾವನವರಿಗೆ ಬಿಟ್ಟುಕೊಡಲೇಬೇಕು. ಗೀತೆಯ ಕೊನೆಯಲ್ಲಿ ಸಂಜಯ, ನೆನೆದು ನೆನೆದು ನನಗೆ ರೋಮಾಂಚನವಾಗುತ್ತಿದೆ ಎನ್ನುತ್ತಾನೆ. ನನ್ನ ಫೋನು ಯಾವತ್ತೂ ಹಾಗೆ ಹೇಳುವುದಿಲ್ಲ. ಅಭಿಮನ್ಯು ಬಿದ್ದದ್ದನ್ನೂ ಕರೆಂಟು ಬಿಲ್ಲನ್ನೂ ಒಂದೇ ದನಿಯಲ್ಲಿ ಓದುತ್ತದೆ. ನಮ್ಮ ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಗಮಕ ಕೇಳಿ ಬೆಳೆದ ನನಗೆ, ಈ ದನಿ ಗಮಕಿಯ ಜಾಗಕ್ಕೆ ಬರುತ್ತದೆ ಎಂದು ಬಾಯಿಮಾತಿಗೂ ಹೇಳಲಾಗದು.

ಆದರೆ ಫೋನು ಗಮಕಿಯಾಗಬೇಕು ಎಂದು ಯಾಕೆ ನಿರೀಕ್ಷಿಸಬೇಕು? ಅದು ಓಲೆಗರಿ. ಓಲೆಗರಿಗೆ ಸ್ನಾನ ಆಗಿದೆಯೇ, ಸಂಕಲ್ಪ ಆಗಿದೆಯೇ ಎಂದು ಯಾರೂ ಕೇಳಲಿಲ್ಲ. ಅದರಲ್ಲಿ ಭಾವ ಇಲ್ಲ ಎಂದು ದೂರಲಿಲ್ಲ. ಭಾವವನ್ನು ತರುವವನು ಅದನ್ನು ಓದುವವನು. ನಾನು ಈ ಗರಿಯನ್ನು ಕಿವಿಯಿಂದ ಓದುತ್ತೇನೆ. ಸಂಕಲ್ಪ ನನ್ನದು, ತಪ್ಪು ನನ್ನದು, ಫಲವೆಂಬುದು ಇದ್ದರೆ ಅದೂ ನನ್ನದೇ. ಪಾರಾಯಣ ಮಾಡಿದವರು ಯಾರು ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು. ಇದರಲ್ಲಿ ನನಗೆ ಈಗ ಸಂದೇಹವಿಲ್ಲ.

ಓಲೆಗರಿ ಎಂದ ಮೇಲೆ ಲಿಪಿಕಾರನ ಮಾತು ಬರಲೇಬೇಕು. ನಿಜವಾಗಿ ಧರ್ಮದ ಪ್ರಶ್ನೆ ಇರುವುದು ಅಲ್ಲಿ ಎಂದು ನನಗೆ ಅನ್ನಿಸುತ್ತದೆ. ಒಂದು ಸ್ತೋತ್ರ ಸಂಗ್ರಹದ ಪಿಡಿಎಫ್ ನನಗೆ ಬಂತು. ಪರದೆಯ ಮೇಲೆ ಮುದ್ದಾದ ಕನ್ನಡ ಅಕ್ಷರ. ಟಾಕ್‌ಬ್ಯಾಕ್ ಹಾಕಿದರೆ ಇಂಗ್ಲಿಷ್ ಅಕ್ಷರಗಳನ್ನು ಚಿಹ್ನೆಗಳ ಜೊತೆ ಕಲಸಿ ಉದುರಿಸತೊಡಗಿತು. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತ ಅದು. ಅಂಥ ಫಾಂಟಿನಲ್ಲಿ 'ಕನ್ನಡ' ಎಂಬ ಪದದ ಒಳಗಿರುವುದು ಇಂಗ್ಲಿಷಿನ ಪಿ, ಒಂದು ಪೌಂಡ್ ಚಿಹ್ನೆ, ಒಂದು ಕ್ಯೂ. ಅವುಗಳ ಮೇಲೆ ಕನ್ನಡದ ರೂಪ ಹೊದಿಸಿರುತ್ತಾರೆ. ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಉಳಿದದ್ದೇ ಆ ದಾರಿಯಿಂದ, ಆ ಕೆಲಸ ಮಾಡಿದವರ ಮೇಲೆ ನನಗೆ ಗೌರವವಿದೆ. ಈಗಲೂ ಹಾಗೇ ಮಾಡಿ ಕಳಿಸಿದರೆ, ಕಣ್ಣಿದ್ದವರಿಗೆ ಅದು ಗ್ರಂಥ, ನನ್ನಂಥವರಿಗೆ ಬೀಗ ಹಾಕಿದ ಪೆಟ್ಟಿಗೆ. ಪುಟಗಳ ಫೋಟೋ ತೆಗೆದು ಹಂಚುವುದೂ ಹೆಚ್ಚುಕಮ್ಮಿ ಅಷ್ಟೇ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದಳು. ಅದನ್ನು ನಾವು ಶಾಸ್ತ್ರದಾನ ಎಂದು ಕೊಂಡಾಡುತ್ತೇವೆ. ಓದಲು ಬಾರದ ಓಲೆಯನ್ನು ಅವಳು ಹಂಚಲಿಲ್ಲ. ಇನ್ನು ಕಾನೂನಿನ ಮಾತು: ಅಚ್ಚಾದ ಪುಸ್ತಕವನ್ನು ದೃಷ್ಟಿದೋಷ ಇರುವವರು ಓದಬಲ್ಲ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಅಡ್ಡಿಯಾಗಬಾರದು ಎಂಬ ಮರಕೇಶ್ ಒಪ್ಪಂದ 2013ರಲ್ಲಿ ಆಯಿತು, 2014ರಲ್ಲಿ ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ. ಕಾನೂನು ಅಷ್ಟು ದೂರ ಬಂದಿರುವಾಗ ದಾನ ಮಾಡುವವರು ಇನ್ನೂ ಹಿಂದೆ ನಿಂತಿರುವುದು ನನಗೆ ನೋವಿನ ಸಂಗತಿ. ಹಕ್ಕುಸ್ವಾಮ್ಯದ ಗೋಜೇ ಇಲ್ಲದ ವಚನ, ಕೀರ್ತನೆ, ಪುರಾಣಗಳನ್ನು ಹಂಚುವಾಗಲಾದರೂ ಒಂದು ಯೂನಿಕೋಡ್ ಪ್ರತಿ ಜೊತೆಗಿರಬೇಕು. ಅದಕ್ಕೆ ಬೇಕಾದದ್ದು ಹಣವಲ್ಲ, ಯಾರೋ ಒಬ್ಬರು ಕೇಳಿಸಿಕೊಂಡು ಓದುತ್ತಾರೆ ಎಂಬ ನೆನಪು.

ಮೊನ್ನೆ ನೆಂಟರ ಮನೆಯಲ್ಲಿ ವೈಕುಂಠ ಸಮಾರಾಧನೆಗೆ ವಿಷ್ಣು ಸಹಸ್ರನಾಮದ ಪುಟ್ಟ ಪುಸ್ತಕ ಅಚ್ಚು ಹಾಕಿಸುವವರಿದ್ದರು. ಆ ಮನೆಯ ಮಗಳಿಗೆ ಫೋನು ಮಾಡಿ, ಅಚ್ಚಿಗೆ ಕೊಡುವ ಕಡತವನ್ನು ಯೂನಿಕೋಡ್‌ನಲ್ಲಿ ನನಗೂ ಕಳಿಸು ಎಂದೆ. ಅವಳು ಅಂದೇ ಸಂಜೆ ವಾಟ್ಸಾಪ್ ಮಾಡಿದಳು. ಕೇಳುತ್ತ ಹೋದಂತೆ ಕೆಲವು ನಾಮಗಳಲ್ಲಿ ಒತ್ತಕ್ಷರ ತಪ್ಪಿರುವುದು ಕಿವಿಗೆ ಬಿತ್ತು. ಫೋನು ಇದ್ದದ್ದನ್ನು ಇದ್ದಂತೆ ಓದಿದ್ದರಿಂದಲೇ ಅವು ಸಿಕ್ಕವು. ಗುರುತು ಹಾಕಿ ವಾಪಸು ಕಳಿಸಿದ್ದೇನೆ. ತಿದ್ದಿದ ಮೇಲೆ ಅಚ್ಚಿಗೆ ಹೋಗುತ್ತದೆ, ಜೊತೆಗೆ ಕೇಳಿದವರಿಗೆಲ್ಲ ಕಡತವನ್ನೂ ಕಳಿಸುತ್ತೇನೆ ಎಂದಿದ್ದಾಳೆ.